ಉಪ್ಪಿನಕಾಯಿಯ ತಪಶೀಲು

ಇಲ್ಲಿ ಹೇಳುವುದೆಲ್ಲ ಹೀಗೆಯೇ ನಡೆಯಿತೆಂದು ನಾನು ಆಣೆ ಮಾಡಲಾರೆ. ಅದು ಯುದ್ಧಕಾಲದ ಒಂದು ಬೇಸಿಗೆ. ಭರಣಿಗಳು ಏಳಿದ್ದವೋ ಒಂಬತ್ತೋ, ಸುಂಕದ ನಾಕಾದ ಅಧಿಕಾರಿ ಅಮೀನ್ ಸಾಹೇಬರಿಗೆ ಗಡ್ಡವಿತ್ತೋ ಬರೀ ಮೀಸೆಯೋ, ಒಂದೂ ಖಾತ್ರಿಯಿಲ್ಲ. ನಾನು ಅಲ್ಲಿದ್ದೆ ಎಂಬುದಕ್ಕಾದರೂ ಏನು ಪುರಾವೆ? ಒಂದು ಬಿಳಿ ಅಂಗಿಯ ಎಣ್ಣೆ ಕಲೆ. ಆ ಅಂಗಿಯೂ ಎಂದೋ ಒರೆಸುವ ಬಟ್ಟೆಯಾಗಿ ಹೋಯಿತು. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿ ನನಗಾದ ಲಾಭ ಇಷ್ಟೆ: ಮೊದಲು ಬೇರೆಯವರ ಮಾತು ನಂಬುತ್ತಿರಲಿಲ್ಲ, ಈಗ ನನ್ನ ಮಾತನ್ನೂ ನಂಬುವುದಿಲ್ಲ!

ಆದರೆ ನಮ್ಮ ಸೋದರಮಾವನ ಬಗ್ಗೆ ಒಂದು ಮಾತನ್ನು ಎದೆ ತಟ್ಟಿ ಹೇಳಬಲ್ಲೆ. ಸಾಕ್ಷಾತ್ ಯಮಧರ್ಮನೇ ಬಂದು ಬಾಗಿಲು ಬಡಿದಿದ್ದರೂ ಮಾಮ ಅವನನ್ನು ಕಟ್ಟೆಯ ಮೇಲೇ ನಿಲ್ಲಿಸಿ, "ಎಲ್ಲಿಂದ ಬಂದ್ರಿ? ಕೋಣ ಸ್ವಂತದ್ದೋ ಬಾಡಿಗೀದೋ? ಒಯ್ಯೋದು ಏನು? ಯಾರ ಹೆಸರಿಗೆ?" ಎಂದು ತಪಶೀಲು ತೆಗೆದುಕೊಳ್ಳದೆ ಒಳಗೆ ಬಿಡುತ್ತಿರಲಿಲ್ಲ. ಯಮ ಬೇಸತ್ತು ಪಕ್ಕದ ಮನೆಗೆ ಹೋಗುತ್ತಿದ್ದನೇನೋ!

ಇದು ಹುಟ್ಟುಗುಣವೋ ಕಸುಬಿನಿಂದ ಬಂದದ್ದೋ ತಿಳಿಯದು. ಮಾಮ ರಾಯಚೂರಿನ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಒಂದು ದಲಾಲಿ ಅಂಗಡಿಯ ಗುಮಾಸ್ತ. ಆಗ ರಾಯಚೂರು ನಿಜಾಮರ ರಾಜ್ಯದ ಅಂಚಿನ ಊರು. ತುಂಗಭದ್ರೆ ದಾಟಿದರೆ ಬ್ರಿಟಿಷ್ ಸೀಮೆ, ಆದವಾನಿ. ರೈಲಿನಲ್ಲಿ ಒಂದು ಸಣ್ಣ ನಿದ್ದೆಯ ದೂರ. ಮನುಷ್ಯರು ನಿದ್ದೆ ಮಾಡುತ್ತಲೇ ದಾಟಬಹುದಿತ್ತು. ಸರಕು ಮಾತ್ರ ಎಚ್ಚರವಾಗಿದ್ದು ಜಾತಕ ತೋರಿಸಬೇಕಿತ್ತು. ಸ್ಟೇಷನ್ನಿನ ಪಕ್ಕದಲ್ಲಿ ಕರೋಡಗಿರಿ ನಾಕಾ, ಅಂದರೆ ಸುಂಕದ ಕಟ್ಟೆ. ಒಂದು ಚೀಲ ಶೇಂಗಾ ಆಚೆ ಹೋಗಬೇಕಾದರೂ ಅಲ್ಲಿ ತಪಶೀಲು ಕೊಡಬೇಕು. ಏನು ಸರಕು, ಯಾರದು, ಎಲ್ಲಿಂದ, ಎಲ್ಲಿಗೆ, ತೂಕವೆಷ್ಟು, ಬೆಲೆಯೆಷ್ಟು? ದೇವದುರ್ಗ, ಮಾನ್ವಿ, ಸಿರವಾರದ ವ್ಯಾಪಾರಿಗಳ ಪರವಾಗಿ ಇದನ್ನೆಲ್ಲ ಉರ್ದುವಿನಲ್ಲಿ ಬರೆದುಕೊಡುವುದು ಮಾಮನ ಕೆಲಸ. ಬೇರೆ ಗುಮಾಸ್ತರು ಬರೆದರೆ ಸರಕು ತುಸು ಬಡಕಲಾಗುತ್ತಿತ್ತು. ತೂಕ ಇಳಿಯುತ್ತಿತ್ತು, ಬೆಲೆ ಕುಗ್ಗುತ್ತಿತ್ತು. ಮಾಮ ಬರೆದರೆ ಅದಕ್ಕೆ ಬೊಜ್ಜು ಬರುತ್ತಿತ್ತು!

ದೇವದುರ್ಗದ ಸಾಹುಕಾರರೊಬ್ಬರ ಶೇಂಗಾದ ಕಥೆಯನ್ನು ಗಂಜಿನಲ್ಲಿ ಬಹಳ ದಿನ ಹೇಳುತ್ತಿದ್ದರು. ಗಾಡಿಯಿಂದ ಚೀಲ ಇಳಿಸುವಾಗ ಒಂದರಲ್ಲಿ ಇಲಿಯ ಗೂಡು ಕಂಡಿತು. ಒಳಗೆ ಕಣ್ಣು ಬಿಡದ ಮರಿಗಳು. ಬೇರೆ ಯಾರಾದರೂ ಏನು ಮಾಡುತ್ತಿದ್ದರು? ಚೀಲ ಕೊಡವಿ ಮುಂದೆ ಹೋಗುತ್ತಿದ್ದರು. ಮಾಮ ಕುಳಿತು ಬರೆದ: "ಶೇಂಗಾ. ಜೊತೆಗೆ ಇಲಿಮರಿಗಳು. ಮರಿಗಳ ಮಾಲಕರು ತಿಳಿದಿಲ್ಲ."

ಅಮೀನ್ ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು. "ಆಚಾರ್ರೇ, ಇವು ಜೀವಂತ ಅದಾವೇನು?"

"ಅದಾವ್ರಿ. ಒಂದು ಸ್ವಲ್ಪ ಅಶಕ್ತ ಅದ."

"ಜೀವಂತ ಜಾನುವಾರು ದಾಟಬೇಕಂದ್ರ ಬ್ಯಾರೆ ಕಾಗದ ಬೇಕು. ತಗೊಂಡು ಬರ್ರಿ!"

ಸಾಹೇಬರು ಚೇಷ್ಟೆ ಮಾಡಿದ್ದರು. ಆದರೆ ಚೇಷ್ಟೆಗೆ ಯಾವ ಕಾಲಮ್ಮು? ಮಾಮ ಬೇರೆ ಕಾಗದ ತರಲು ಹೊರಟೇಬಿಟ್ಟ. ಅವನು ತಿರುಗಿ ಬರುವುದರೊಳಗೆ ತಾಯಿ ಇಲಿ ಬಂದು ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಹೋಗಿತ್ತು. ಮಾಮ ಹಳೆಯ ಕಾಗದದ ಕೆಳಗೆ ಸೇರಿಸಿದ: "ಮರಿಗಳ ಮಾಲಕಳು ಖುದ್ದಾಗಿ ಬಂದು ಒಯ್ದಿದ್ದಾಳೆ. ಈಗ ಶುದ್ಧ ಶೇಂಗಾ."

ಸಾಹುಕಾರರು ತಲೆಯ ಮೇಲೆ ಕೈ ಹೊತ್ತುಕೊಂಡು ಕುಳಿತಿದ್ದರು. "ಯಪ್ಪಾ, ನಾನೇನು ಇಲಿ ವ್ಯಾಪಾರ ಮಾಡಾಕತ್ತೀನೇನು? ಯಾಕ ಬರದ್ರಿ ಅದನ್ನ?"

"ಇದ್ವಲ್ರಿ, ಸಾಹುಕಾರ್ರ."

ಇಷ್ಟಾದರೂ ಮರುವಾರ ಅವರ ಗಾಡಿ ಮತ್ತೆ ಮಾಮನ ಅಂಗಡಿಯ ಮುಂದೆಯೇ ನಿಂತಿತು. ಏಕೆ ಗೊತ್ತೇ? ಉಳಿದವರ ಚೀಲಗಳನ್ನು ನಾಕಾದವರು ಬಿಚ್ಚಿ, ಸುರಿದು, ಕಡ್ಡಿ ಚುಚ್ಚಿ ನೋಡುತ್ತಿದ್ದರು. ಮಾಮನ ಕಾಗದ ಬಂದರೆ ಚೀಲ ಮುಟ್ಟುತ್ತಿರಲಿಲ್ಲ. ಒಳಗೆ ಬೇರೆ ಏನಾದರೂ ಇದ್ದಿದ್ದರೆ ಅವನು ಬರೆಯದೆ ಬಿಡುತ್ತಿದ್ದನೆ? ಅವನ ಹುಚ್ಚಿನಿಂದ ಒಂದು ದಿನ ಕೆಟ್ಟರೆ ಹತ್ತು ದಿನ ಉಳಿಯುತ್ತಿತ್ತು.

ಮನೆಯಲ್ಲಿ ಮಾತ್ರ ಈ ಲೆಕ್ಕಾಚಾರ ನಡೆಯುತ್ತಿರಲಿಲ್ಲ. ಎಲೆಯ ಮುಂದೆ ಕುಳಿತ ಮಾಮ ಹುಳಿಯನ್ನು ದಿಟ್ಟಿಸಿ ಕೇಳುತ್ತಿದ್ದ: "ಬದನಿಕಾಯಿ ಎಲ್ಲೀದು?"

"ಸಂತೀದು," ಎನ್ನುತ್ತಿದ್ದಳು ಮಾಮಿ.

"ಸಂತಿಗೆ ಎಲ್ಲಿಂದ ಬಂತು?"

"ಗಿಡದಿಂದ ಬಂತು! ಹೊಟ್ಟಿಗೂ ಒಂದು ನಾಕಾ ಕೂಡ್ಸೀರೇನು? ಉಣ್ಣೋದಿದ್ರ ಉಣ್ರಿ, ಇಲ್ಲಾಂದ್ರ ಜಪ್ತಿ ಮಾಡ್ತೀನಿ!"

ನನ್ನನ್ನೂ ಬಿಟ್ಟಿರಲಿಲ್ಲ. ರಜೆಗೆ ಹೈದರಾಬಾದಿನಿಂದ ಬಂದು ಟ್ರಂಕು ಕೆಳಗಿಡುವ ಮುಂಚೆಯೇ ವಿಚಾರಣೆ. "ಒಳಗೇನು?"

"ಪುಸ್ತಕ, ಮಾಮಾ."

"ಎಷ್ಟು ತೂಕ?"

"ಬಹಳ ಭಾರ ಅದ."

"ಅದರಾಗಿಂದು ತಲಿಯೊಳಗ ಎಷ್ಟು ದಾಟೇದ?"

ಆ ಕಾಲಮ್ಮಿಗೆ ನಾನು ಇಂದಿಗೂ ಉತ್ತರ ತುಂಬಿಲ್ಲ.

ಇನ್ನು ಉಪ್ಪಿನಕಾಯಿಯ ವಿಷಯ. ಮಾಮನಿಗೊಬ್ಬ ಅಕ್ಕ, ನನಗೆ ದೊಡ್ಡಮ್ಮ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು, ಮಾನ್ವಿಯಲ್ಲಿ ಮೈದುನನ ಮನೆಯಲ್ಲಿದ್ದಳು. ಇದ್ದಳು ಎಂದರೆ, ಬೆಳಿಗ್ಗೆ ಬಾವಿಯ ಹತ್ತಿರ, ಆಮೇಲೆ ಒಲೆಯ ಹತ್ತಿರ, ಆಮೇಲೆ ಬೀಸುವ ಕಲ್ಲಿನ ಹತ್ತಿರ ಇದ್ದಳು. ಮೈದುನ ಗುಡಿಯ ಪೂಜೆಯ ಮನೆತನದವನು, ಕೆಟ್ಟವನಲ್ಲ. ಮನೆಯಲ್ಲಿ ಇದ್ದದ್ದೆಲ್ಲ ತನ್ನದು ಎಂದು ತಿಳಿದಿದ್ದ, ಅಷ್ಟೆ. ಒಲೆ, ಬಾವಿ, ಬೀಸುವ ಕಲ್ಲು, ಅತ್ತಿಗೆ.

ದೊಡ್ಡಮ್ಮನ ಕೈಯ ಮಾವಿನಕಾಯಿ ಉಪ್ಪಿನಕಾಯಿಯನ್ನು ಯಾವುದೋ ಮುಂಜಿಯಲ್ಲಿ ಉಂಡ ಆದವಾನಿಯ ಖಾನಾವಳಿಯವರೊಬ್ಬರು ಹೇಳಿ ಕಳಿಸಿದರು: ಭರಣಿಗಟ್ಟಲೆ ಕಳಿಸಿರಿ, ಚೆನ್ನಾಗಿದ್ದರೆ ವರ್ಷವಿಡೀ ನಿಮ್ಮಿಂದಲೇ ತರಿಸುತ್ತೇವೆ. ದೊಡ್ಡಮ್ಮ ಮಲ್ಲಟದ ತೋಟದಿಂದ ಕಾಯಿ ತರಿಸಿದಳು. ಹೆಚ್ಚಿದವಳು ಅವಳು, ಖಾರ ಕುಟ್ಟಿದವಳು ಅವಳು, ಸಾಸಿವೆ ಬೀಸಿದವಳು ಅವಳು. ಇದು ನಡೆದರೆ ರಾಯಚೂರಿನಲ್ಲಿ ಗುಡಿಯ ಹಿಂದೆ ಒಂದು ಕೋಣೆ ಹಿಡಿದು ತನ್ನ ಪಾಡಿಗೆ ತಾನಿರಬೇಕು ಎಂದು ಅಮ್ಮನ ಮುಂದೆ ಒಮ್ಮೆ ಹೇಳಿದ್ದಳಂತೆ. ಹೇಳಿ, ತಾನೇ ನಕ್ಕುಬಿಟ್ಟಳಂತೆ.

ನಡುವೆ ನಾಕಾ ಇತ್ತಲ್ಲ! ತಪಶೀಲಿನಲ್ಲಿ ಯಾರ ಹೆಸರೋ ಸರಕು ಅವರದು. ಖಾನಾವಳಿಯವರು ದುಡ್ಡು ಕಳಿಸುವುದು ಅವರಿಗೆ, ಮುಂದಿನ ಬೇಡಿಕೆ ಬರುವುದು ಅವರಿಗೆ. ಮೈದುನನ ಹೆಸರು ಬಿದ್ದರೆ ದೊಡ್ಡಮ್ಮ ತನ್ನದೇ ಉಪ್ಪಿನಕಾಯಿಗೆ ಅಡಿಗೆಯವಳು. ಕೋಣೆ ಕನಸಿನಲ್ಲೇ ಉಳಿಯುತ್ತಿತ್ತು. ಮೈದುನನಿಗಂತೂ ಇದರಲ್ಲಿ ಪ್ರಶ್ನೆಯೇ ಇರಲಿಲ್ಲ.

ಕಾಗದ ಬರೆಯಲು ಮಾಮ ಮಾನ್ವಿಗೆ ಹೋದ. ರಜೆಯಲ್ಲಿ ಕಾಲು ನಿಲ್ಲದೆ ಅಲೆಯುತ್ತಿದ್ದ ನಾನೂ ಜೊತೆಗೆ ಹೋದೆ. ಮೈದುನ ಕಟ್ಟೆಯ ಮೇಲೆ ಬೀಸಣಿಕೆ ಹಿಡಿದು ಕುಳಿತಿದ್ದ.

"ಬಾರಪಾ ಗುಮಾಸ್ತ. ನನ್ನ ಹೆಸರು ಬರಿ, ಹಚ್ಚು ಒಂದು ಸಹಿ, ಮುಗೀತು. ಮನಿ ಯಜಮಾನ ನಾನಲ್ಲೇನು?"

"ಮನಿಗೆ ನೀವು ಯಜಮಾನ್ರು ಖರೆ, ರಾಯರ. ಉಪ್ಪಿನಕಾಯಿಗೆ?"

"ಮನಿ ಬ್ಯಾರೆ, ಉಪ್ಪಿನಕಾಯಿ ಬ್ಯಾರೆ ಏನೋ? ಹೆಂಗಸರ ಹೆಸರು ಯಾರರ ನಾಕಾದಾಗ ಬರಸ್ತಾರೇನು? ಅದೂ..." ಎಂದು ಅಡಿಗೆಮನೆಯ ಕಡೆ ನೋಡಿ ಮಾತು ನುಂಗಿದ.

ಮಾಮನೂ ಆ ಕಡೆ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು, ನಾಕಾದ ಗೋಡೆಯ ಮೇಲಿನ ಸರಕಾರಿ ಪ್ರಕಟಣೆ ಓದುವವನಂತೆ ಹೇಳಿದ: "ಕಾಯ್ದೆ ಅದರೀ. ಸರಕು ಮಾಡಿದವರ ಹೆಸರೇ ಬೇಕು. ಬರೀ ಹೆಸರಷ್ಟ ಅಲ್ಲ, ಹೊಸ ಸರಕು ಮೊದಲನೇ ಸಲ ದಾಟೋ ಮುಂದ ಮಾಲಕರು ಖುದ್ದ ಬಂದು ನಾಕಾದಾಗ ನಿಂದರಬೇಕು. ಕೂಗಿದಾಗ ಓ ಅನಬೇಕು. ಇಲ್ಲಾಂದ್ರ ಭರಣಿ ಸಮೇತ ಜಪ್ತಿ."

"ಯಾವ ಕಾಯ್ದೆ?"

"ಸರಕಾರದ್ದು."

ಆ ಕಾಲದಲ್ಲಿ ಈ ಉತ್ತರದ ಮುಂದೆ ಇನ್ನೊಂದು ಪ್ರಶ್ನೆ ಹುಟ್ಟುತ್ತಿತ್ತೇ? ಮೈದುನನ ಬೀಸಣಿಕೆ ನಿಂತಿತು. "ನಾನೂ ಬರ್ತೀನಿ ನಾಕಾಕ್ಕ. ಅಲ್ಲೇ ಕೇಳೋಣ," ಎಂದ.

ಬಾಗಿಲ ಹಿಂದಿನಿಂದ ದೊಡ್ಡಮ್ಮನ ದನಿ ಬಂತು. "ಬ್ಯಾಡೋ ತಮ್ಮಾ. ಅವರ ಹೆಸರೇ ಬರಿ. ನನ್ನ ಹೆಸರು ಯಾರಿಗೆ ಬೇಕಾಗೇದ?"

"ನಾಕಾಕ್ಕ ಬೇಕಾಗೇದ, ಅಕ್ಕಾ," ಎಂದ ಮಾಮ.

ಮರುದಿನ ನಾವೆಲ್ಲ ಇದ್ದಿಲಿನ ಬಸ್ಸು ಹತ್ತಿದೆವು. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸಿನ ಹಿಂದೆ ಒಂದು ದೊಡ್ಡ ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರ ಹೊಗೆಯಿಂದ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎನ್ನುವುದು ಔದಾರ್ಯದ ಮಾತು. ಏರು ಬಂದಾಗಲೆಲ್ಲ ನಾವು ಇಳಿದು ತಳ್ಳುತ್ತಿದ್ದೆವು. ಇಳಿಜಾರಿನಲ್ಲಿ ಅದು ನಮ್ಮನ್ನು ಬಿಟ್ಟು ಓಡುತ್ತಿತ್ತು. ಭರಣಿಗಳನ್ನು ಸೀಟಿನ ಮೇಲೆ ಬಿಡುವಂತಿಲ್ಲ, ಉರುಳುತ್ತವೆ. ಆದ್ದರಿಂದ ಏರಿನಲ್ಲಿ ತಳ್ಳುವವರು ಒಂದು ಗುಂಪು, ಭರಣಿ ಅಪ್ಪಿಕೊಂಡು ಹಿಂದೆ ನಡೆಯುವವರು ಒಂದು ಗುಂಪು. ನನ್ನ ಅಂಗಿಗೆ ಎಣ್ಣೆ ಹತ್ತಿದ್ದು ಆಗಲೇ.

"ಏನ್ರೀ ಇದರಾಗ?" ಎಂದು ಕಂಡಕ್ಟರ್ ಕೇಳಿಬಿಟ್ಟ. ಪಾಪ, ಅವನಿಗೇನು ಗೊತ್ತು! ಮಾಮ ಮಾವಿನಕಾಯಿಯ ತೋಟದಿಂದ ಶುರುಮಾಡಿ, ಮೆಣಸಿನಕಾಯಿಯ ತಳಿ, ಇಂಗಿನ ಮೂಲಕ್ಕೆ ಬರುವುದರೊಳಗೆ ಬಸ್ಸು ಎರಡು ಸಲ ನಿಂತಿತ್ತು.

"ಸಾಕ್ರಿ ಸ್ವಾಮಿ!" ಎಂದು ಅವನು ಕೈ ಮುಗಿದ. "ಇಷ್ಟು ಖಾರ ಅದ ಅಂದ್ರ ಹಿಂದಿನ ಒಲಿಯಾಗ ಒಂದು ಭರಣಿ ಸುರೀರಿ, ರಾಯಚೂರು ಏನು, ಕಾಶಿ ಮುಟ್ಟಸ್ತೀನಿ!"

ದೊಡ್ಡಮ್ಮ ಮುಸುಕಿನೊಳಗೇ ನಕ್ಕಳು.

ನಾಕಾದಲ್ಲಿ ಜನವೋ ಜನ. ಹತ್ತಿಯ ಗಾಡಿಗಳು, ಚರ್ಮದ ಕಟ್ಟುಗಳು, ಬೈಗುಳ, ಧೂಳು. ದೊಡ್ಡಮ್ಮನನ್ನು ವರಾಂಡದ ಬೆಂಚಿನ ಮೇಲೆ, ಭರಣಿಗಳ ಪಕ್ಕದಲ್ಲಿ ಕೂರಿಸಿ, ನಾವು ಗಂಡಸರು ಕಿಟಕಿಯ ಹತ್ತಿರ ನಿಂತೆವು. ಅಮೀನ್ ಸಾಹೇಬರು ಮಾಮನ ಕಾಗದ ಓದುತ್ತ ಓದುತ್ತ ಕುರ್ಚಿಗೆ ಒರಗಿದರು.

"ಯೇ ಕ್ಯಾ ಹೈ, ಆಚಾರ್ರೇ? ಮಾವಿನಕಾಯಿ, ಉಪ್ಪು, ಎಣ್ಣಿ, ಖಾರಪುಡಿ, ಸಾಸಿವಿ, ಮೆಂತ್ಯ, ಇಂಗು... ಭರಣ್ಯಾಗ ಕಿರಾಣಿ ಅಂಗಡಿ ತುಂಬೀರೇನು?"

"ಇದ್ದದ್ದು ಬರದೀನ್ರಿ."

"ಉಪ್ಪಿನಕಾಯಿ ಅಂತ ಒಂದ ಮಾತು ಬರದಿದ್ರ ನಿಮ್ಮ ಗಂಟೇನು ಹೋಗ್ತಿತ್ತು? ಈಗ ನೋಡ್ರಿ, ಎಣ್ಣಿಗೆ ಪರವಾನಗಿ ಬೇಕು. ಉಪ್ಪಿನ ದಫ್ತರ ಬ್ಯಾರೆ. ಮಾವಿನಕಾಯಿ ಮೇವಾ, ಹಣ್ಣಿನ ಖಾತೆ. ನಾ ಇದನ್ನ ಯಾವುದರಾಗ ಹಾಕಲಿ?"

ನಾಕಾದ ಕಾರಕೂನರೆಲ್ಲ ಚರ್ಚೆಗೆ ಇಳಿದರು. ಒಬ್ಬ ಹಣ್ಣಿನ ಪಕ್ಷ, ಒಬ್ಬ ಎಣ್ಣೆಯ ಪಕ್ಷ. ಮೂರನೆಯವನು ಇದು ಔಷಧ ಎಂದ. ಅವನ ಅಜ್ಜಿಗೆ ಜ್ವರದ ಬಾಯಿಗೆ ರುಚಿ ಬಂದದ್ದು ಇದರಿಂದಲೇ ಅಂತೆ. ಹತ್ತಿಯ ಗಾಡಿಯವರು ತಮ್ಮ ಸರದಿ ಮರೆತು ಕಿಟಕಿಗೆ ಮುತ್ತಿಕೊಂಡರು. ಕೊನೆಗೆ ಸಾಹೇಬರು ಮಾದರಿ ನೋಡಿಯೇ ತೀರ್ಮಾನ ಎಂದರು. ದೊಡ್ಡಮ್ಮ ತಾನೇ ಒಂದು ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಒಣ ಸೌಟಿನಿಂದ ಒಂದು ಹೋಳು ತೆಗೆದು, ಮುತ್ತುಗದ ಎಲೆಯ ಮೇಲೆ ಹಾಕಿ ಕಳಿಸಿದಳು. ಸಾಹೇಬರು ಇಡೀ ಹೋಳನ್ನು ಒಂದೇ ಸಲಕ್ಕೆ ಬಾಯಿಗಿಟ್ಟರು. ಯಾರೂ ಹಾಗೆ ಮಾಡಬಾರದು! ಮೊದಲು ಕಿವಿ ಕೆಂಪಾಯಿತು, ಆಮೇಲೆ ಹಣೆ, ಆಮೇಲೆ ಟೋಪಿ ತೆಗೆದು ಗಾಳಿ ಹಾಕಿಕೊಂಡರು.

"ಇದು ಉಪ್ಪಿನಕಾಯಿ ಅಲ್ರೀ, ಬಾರೂದು! ಮದ್ದು! ಇದಕ್ಕ ಫೌಜಿನ ಪರವಾನಗಿ ಬೇಕು!"

"ಮದ್ದು ಅಂತ ಬರೀಲಿಲ್ರಿ," ಎಂದ ಮಾಮ ಗಂಭೀರವಾಗಿ. "ಸೇರಸಲೇನು?"

ನಾಕಾ ಇಡೀ ನಕ್ಕಿತು. ಸಾಹೇಬರು ಕಣ್ಣೀರು ಒರೆಸಿಕೊಳ್ಳುತ್ತ, "ಉಪ್ಪಿನಕಾಯಿ" ಎಂದು ಒಂದೇ ಮಾತು ಬರೆದು ಕೆಳಗೆ ಗೆರೆ ಎಳೆದರು. ಇನ್ನೊಂದು ಹೋಳು ಸಿಗಬಹುದೇ ಎಂದು ಮೆಲ್ಲಗೆ ಕೇಳಿದಂತೆಯೂ ನನ್ನ ನೆನಪು. ಇದನ್ನು ನಂಬಬೇಡಿ, ಅಮ್ಮ ಆಮೇಲೆ ಸೇರಿಸಿದ್ದಿರಬಹುದು.

ಅಷ್ಟರಲ್ಲಿ ಮೈದುನ ಜನರನ್ನು ಸರಿಸಿಕೊಂಡು ಮುಂದೆ ಬಂದ. "ಸಾಹೇಬರ, ಮಾಲಕರ ಹೆಸರಿನ ಕಡೆ ನಂದು ಹಾಕ್ಕೋರಿ. ಮನಿ ಯಜಮಾನ ನಾನಽ ಇದ್ದೀನಿ. ಇಂವ ಏನೋ ಹೆಂಗಸರ ಹೆಸರು ಬರದಾನ."

ಸಾಹೇಬರ ಲೇಖನಿ ಹೆಸರಿನ ಮೇಲೆ ಬಂದು ನಿಂತಿತು. ಅವರಿಗೇನು? ಒಂದು ಹೆಸರು ಹೊಡೆದು ಇನ್ನೊಂದು ಬರೆದರೆ ಮುಗಿಯಿತು; ಹೊರಗೆ ಹತ್ತಿಯ ಗಾಡಿಗಳು ಕಾಯುತ್ತಿದ್ದವು. ಬೆಂಚಿನ ಮೇಲೆ ದೊಡ್ಡಮ್ಮ ಭರಣಿಯ ಬಾಯಿಗೆ ಮತ್ತೆ ಬಟ್ಟೆ ಕಟ್ಟುತ್ತಿದ್ದಳು.

"ಮಾಲಕರು ಖುದ್ದ ಬಂದಾರ್ರೀ ಸಾಹೇಬರ," ಎಂದ ಮಾಮ. ಅವನ ದನಿ ಯಾಕೋ ಸಣ್ಣಗಾಗಿತ್ತು. "ಒಂದು ಸಲ ಕೂಗಸ್ರಿ."

ಸಾಹೇಬರು ಲೇಖನಿ ಎತ್ತಿಹಿಡಿದು ಮಾಮನ ಮುಖ ನೋಡಿದರು. ಇಲಿಮರಿಯ ಕಾಗದ ಓದಿದಾಗಲೂ ಅಷ್ಟು ಹೊತ್ತು ನೋಡಿರಲಿಲ್ಲ. ಆಮೇಲೆ ಚಪರಾಸಿಗೆ ಸನ್ನೆ ಮಾಡಿದರು. ಚಪರಾಸಿ ವರಾಂಡಕ್ಕೆ ಹೋಗಿ, ಸ್ಟೇಷನ್ನಿನವರೆಗೆ ಕೇಳುವಂತೆ ಕೂಗಿದ:

"ಸುಂದರಾಬಾಯಿ! ಸುಂದರಾಬಾಯಿ ಹಾಜರ್?"

ಯಾರೂ ಏಳಲಿಲ್ಲ. ನಾನೂ ಸುತ್ತ ನೋಡಿದೆ. ಬೇವಿನ ಮರದ ಕೆಳಗೆ ಎಲೆ ಅಡಿಕೆ ಮಾರುವ ಹೆಂಗಸು ಇದ್ದಳು, ಅವಳಿರಬಹುದೇ? ಗಾಡಿಯಲ್ಲಿ ಮಗುವಿಗೆ ಹಾಲು ಕೊಡುತ್ತಿದ್ದವಳೇ? ಬೆಂಚಿನ ಮೇಲಿದ್ದ ದೊಡ್ಡಮ್ಮನೂ ಎಲ್ಲರ ಹಾಗೆ ಕತ್ತು ತಿರುಗಿಸಿ, ಈ ಸುಂದರಾಬಾಯಿ ಯಾರೆಂದು ಕುತೂಹಲದಿಂದ ಹುಡುಕುತ್ತಿದ್ದಳು.

ನನಗೆ ಅವಳು ದೊಡ್ಡಮ್ಮ. ತಮ್ಮನಿಗೆ ಅಕ್ಕ. ಮೈದುನನಿಗೆ ವೈನಿ. ಓಣಿಯವರಿಗೆ ಮಡಿ ಅಮ್ಮ. ಅವಳಿಗೊಂದು ಹೆಸರಿರಬಹುದೆಂದು ನಮಗೆ ಯಾರಿಗಾದರೂ ಎಂದಾದರೂ ಅನ್ನಿಸಿತ್ತೇ?

ಚಪರಾಸಿ ಮತ್ತೆ ಕೂಗಿದ. ದೊಡ್ಡಮ್ಮನ ಕೈ ನಿಧಾನವಾಗಿ ಎದೆಯ ಮೇಲೆ ಬಂತು. ಕಿಟಕಿಯ ಹತ್ತಿರವಿದ್ದ ತಮ್ಮನ ಕಡೆ ನೋಡಿ, "ನಾನಽ ಏನೋ?" ಎಂದಳು.

ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುವ ಮಾಮ ಬರೀ ಹೌದೆಂದು ತಲೆಯಾಡಿಸಿದ.

ಅವಳು ಎದ್ದಳು. ಕಿಟಕಿಯ ತನಕ ಜನ ದಾರಿ ಬಿಟ್ಟರು. ಸಾಹೇಬರು ಟೋಪಿ ಸರಿಮಾಡಿಕೊಂಡು, ಎಲ್ಲ ವ್ಯಾಪಾರಿಗಳನ್ನು ಕೇಳುವಂತೆಯೇ ಕೇಳಿದರು. "ಏನು ಸರಕು, ಅಮ್ಮಾ?"

"ಉಪ್ಪಿನಕಾಯಿ."

"ಎಲ್ಲಿಂದ?"

"ಮಾನ್ವಿಯಿಂದ."

"ಯಾರದು?"

ಅವಳು ಮೈದುನನ ಕಡೆ ನೋಡಿದಳು. ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಎಳೆದುಕೊಂಡಳು. ಆಮೇಲೆ ಭರಣಿಗಳ ಕಡೆ ನೋಡಿದಳು. "ನಂದು," ಎಂದಳು.

"ಸ್ವಲ್ಪ ಜೋರ ಹೇಳ್ರಿ. ಬರಕೊಳ್ಳೋರಿಗೆ ಕೇಳಸಬೇಕು."

"ನಂದು!" ಎಂದಳು ದೊಡ್ಡಮ್ಮ. ಅವಳ ದನಿ ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ. "ಸುಂದರಾಬಾಯಿದು!"

ಸಾಹೇಬರು ಆ ಹೆಸರನ್ನು ಹೊಡೆಯದೆ ಹಾಗೆಯೇ ಬಿಟ್ಟರು. ಮುದ್ರೆ ಬಿತ್ತು. ಭರಣಿಗಳು ರೈಲು ಹತ್ತಿದವು. ರೈಲು ಶಿಳ್ಳೆ ಹಾಕುವಾಗ ಮಾಮ ನಾಕಾಕ್ಕೆ ಮತ್ತೆ ಓಡಿದ. ಏನೆಂದು ಕೇಳಿದರೆ, ಭರಣಿಗಳ ಬಾಯಿಗೆ ಕಟ್ಟಿದ ಬಟ್ಟೆ ಹಳೆಯ ಧೋತರದ್ದು ಎಂದು ಬರೆಯುವುದು ಮರೆತಿದ್ದನಂತೆ!

ಆದವಾನಿಯಿಂದ ಮುಂದಿನ ಬೇಡಿಕೆ ಸುಂದರಾಬಾಯಿಯವರ ಹೆಸರಿಗೇ ಬಂತು, ಅದರ ಮುಂದಿನದೂ. ಮರುವರ್ಷ ಅವಳು ಗುಡಿಯ ಹಿಂದಿನ ಕೋಣೆಗೆ ಬಂದಳು. ಆಮೇಲೆ ನಿಜಾಮರ ಆಳ್ವಿಕೆ ಹೋಯಿತು, ನಾಕಾ ಹೋಯಿತು, ದೊಡ್ಡಮ್ಮ ಹೋದಳು, ಮಾಮನೂ ಹೋದ. ಉಳಿದದ್ದು ನನ್ನ ನೆನಪು. ಅದನ್ನು ನಾನು ನಂಬುವುದಿಲ್ಲವೆಂದು ಮೊದಲೇ ಹೇಳಿದ್ದೇನೆ.

ಆದ್ದರಿಂದ ಒಂದು ಸಂಗತಿಯನ್ನಾದರೂ ಪರೀಕ್ಷಿಸಿ ನೋಡಬೇಕೆನ್ನಿಸಿತು. ನಾಕಾದ ಒಬ್ಬ ಹಳೆಯ ಕಾರಕೂನರು ಸಿರವಾರದಲ್ಲಿದ್ದರು. ಅವರನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಒಬ್ಬರ ಮಾತು ಸಾಲದೆಂದು ಗಂಜಿನ ಇನ್ನೊಬ್ಬ ಮುದಿ ಗುಮಾಸ್ತರನ್ನೂ ಕೇಳಿದೆ. ಇಬ್ಬರೂ ಜೀವಮಾನವಿಡೀ ಸುಂಕದ ವಿಷಯದಲ್ಲಿ ಒಬ್ಬರ ಮಾತನ್ನು ಒಬ್ಬರು ಒಪ್ಪಿದವರಲ್ಲ. ಇದರಲ್ಲಿ ಮಾತ್ರ ಇಬ್ಬರದೂ ಒಂದೇ ಉತ್ತರ. ಮನೆಯ ಯಾವ ಗಂಡಸಿನ ಹೆಸರಾದರೂ ನಡೆಯುತ್ತಿತ್ತು. ಮಾಲಕರು ಖುದ್ದಾಗಿ ನಾಕಾಕ್ಕೆ ಬಂದು, ಹೆಸರು ಕೂಗಿದಾಗ ಓ ಎನ್ನಬೇಕೆಂಬ ಕಾಯ್ದೆ ಎಂದೂ ಇರಲಿಲ್ಲ.